ಬಿದಿರಿನ ಲೆಕ್ಕ, ಷೇರಿನ ಲೆಕ್ಕ

ಹತ್ತು ಗ್ರಾಂ ಬಂಗಾರ ಕೊಳ್ಳುವಾಗ ನಾವು ಹೆಣ್ಣುಮಕ್ಕಳು ನಾಲ್ಕು ಅಂಗಡಿ ತಿರುಗುತ್ತೇವೆ. ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ನೋಡುತ್ತೇವೆ. ಆದರೆ ಷೇರಿನ ಮಾತು ಬಂತೆಂದರೆ ಸಾಕು, "ಅದೆಲ್ಲ ಗಂಡಸರ ವ್ಯವಹಾರ" ಎಂದು ಎದ್ದು ಅಡಿಗೆಮನೆಗೆ ಹೋಗಿಬಿಡುತ್ತೇವೆ. ಷೇರು ಎಂದರೆ ಒಂದು ಕಂಪನಿಯಲ್ಲಿ ನಮ್ಮ ಸಣ್ಣದೊಂದು ಪಾಲು, ಅಷ್ಟೆ. ಆ ಕಂಪನಿ ಇಪ್ಪತ್ತು ವರ್ಷ ನೆಟ್ಟಗೆ ಬಾಳೀತೇ ಎಂದು ಕೇಳುವುದಕ್ಕೂ, ಮಗಳನ್ನು ಕೊಡುವ ಮನೆಯ ಬಗ್ಗೆ ನಾಲ್ಕು ಕಡೆ ವಿಚಾರಿಸುವುದಕ್ಕೂ ಬೇಕಾದ ಬುದ್ಧಿ ಒಂದೇ.

ಈ ಮಾತು ಈಗ ಬರೆಯಲು ಕಾರಣ ನನ್ನ ಅಕ್ಕನ ಮಗಳು. ಅವಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಆಟಗಳನ್ನು ತಯಾರಿಸುವ ಒಂದು ಕಡೆ ಕೆಲಸದಲ್ಲಿದ್ದಾಳೆ. ಅಕ್ಕನಿಗೆ ಹೊಲದ ಪಾಲು ಮಾರಿದ ಹಣ ಕೈಗೆ ಬಂದಿತ್ತು. ಗಂಡನಿಲ್ಲದ ಅಕ್ಕನಿಗೆ ಮುಪ್ಪಿನ ಆಸರೆಯೆಂದರೆ ಅದೊಂದೇ. "ಚಿಕ್ಕಮ್ಮ, ನಾವೆಲ್ಲ ಆಟ ಮಾಡೋದು ಯೂನಿಟಿ ಅನ್ನೋ ಎಂಜಿನ್ನಿನ ಮೇಲೆ. ಆ ಕಂಪನಿಯ ಷೇರು ಈಗ ಅಗ್ಗ ಆಗೇದ. ಅರ್ಧ ಹಣ ಅದರಾಗ ಹಾಕಿದ್ರ ಹತ್ತು ವರ್ಷಕ್ಕ ಅವ್ವನ ಚಿಂತಿ ಹರೀತದ. ನೀನೇ ಅಕೀಗೆ ತಿಳಿಸಿ ಹೇಳು" ಎಂದಳು.

ನಾನು ಇತಿಹಾಸ ಪಾಠ ಹೇಳುವವಳು. ಯೂನಿಟಿಯ ಗಂಧ ನನಗಿರಲಿಲ್ಲ. ಆದರೆ ಒಂದು ಕಂಪನಿ ಎಪ್ಪತ್ತು ವರ್ಷ ಹೇಗೆ ಬಾಳಿತೆಂಬುದನ್ನು ನೋಡಲು ಹಳಿಯಾಳದವರಾದ ನಾವು ದೂರ ಹೋಗಬೇಕಿಲ್ಲ. ಪಕ್ಕದಲ್ಲೇ ದಾಂಡೇಲಿಯ ಪೇಪರ್ ಮಿಲ್ಲಿದೆ.

ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಎಂಬ ಕಂಪನಿ ಹುಟ್ಟಿದ್ದು 1955ರಲ್ಲಿ. ಆಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1959ರಲ್ಲಿ ಮಿಲ್ಲಿನಿಂದ ಕಾಗದ ಹೊರಬರತೊಡಗಿತು. ಬಂಗೂರ್ ಮನೆತನದ ಬಂಡವಾಳ, ಕಾಳಿ ನದಿಯ ನೀರು, ಅಳ್ನಾವರದಿಂದ ಬಂದ ರೈಲುದಾರಿ, ಸುತ್ತ ಕಣ್ಣು ಹಾಯುವವರೆಗೆ ಬಿದಿರಿನ ಕಾಡು, ಇಷ್ಟೂ ಒಂದೇ ಕಡೆ ಕೂಡಿ ಬಂದಿದ್ದವು. ದೇಶದ ಮೂಲೆಮೂಲೆಯಿಂದ ಕೂಲಿಕಾರರು ಬಂದರು. ಬಂಗೂರನಗರವೆಂಬ ಕಾಲನಿಯೇ ಎದ್ದಿತು. ಆ ವರ್ಷ ಷೇರು ಕೊಳ್ಳಬೇಕೋ ಬೇಡವೋ ಎಂದು ಲೆಕ್ಕ ಹಾಕುವವನಿಗೆ ಇದಕ್ಕಿಂತ ಒಳ್ಳೆಯ ಜಾತಕ ಸಿಗುತ್ತಿರಲಿಲ್ಲ.

ಜಾತಕದಲ್ಲಿ ಇನ್ನೂ ಒಂದು ಸಂಗತಿಯಿತ್ತು. ಸರಕಾರ ಮಿಲ್ಲಿಗೆ ಬಿದಿರು ಕೊಡಲು ಒಪ್ಪಿದ ದರ ಟನ್ನಿಗೆ ಒಂದೂವರೆ ರೂಪಾಯಿ! ಮೊರ, ಬುಟ್ಟಿ, ತೊಟ್ಟಿಲು ಹೆಣೆದು ಬದುಕುವ ಮೇದಾರರು ಪೇಟೆಯಲ್ಲಿ ಅದೇ ಬಿದಿರಿಗೆ ಇದರ ನೂರಾರು ಪಟ್ಟು ತೆರಬೇಕಾಯಿತು. ಕಂಪನಿಯ ಲೆಕ್ಕಪುಸ್ತಕದಲ್ಲಿ ಇದು ಲಾಭವಾಗಿ ಕಾಣುತ್ತದೆ. ಇತಿಹಾಸದ ಪುಸ್ತಕದಲ್ಲಿ ಹಾಗೆ ಕಾಣುವುದಿಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಯಾರು ಜೋಪಾನ ಮಾಡುತ್ತಾರೆ? ಬಾವಿಯ ನೀರನ್ನು ಹಗ್ಗ ಹಾಕಿ ಸೇದುವವಳು ಚೆಲ್ಲುವುದಿಲ್ಲ, ನಲ್ಲಿಯ ನೀರನ್ನು ನಾವೆಲ್ಲ ಚೆಲ್ಲುತ್ತೇವೆ.

1970ರ ದಶಕದಲ್ಲಿ ಮೇದಾರರು ದನಿಯೆತ್ತಿದರು. ಬಿದಿರು ಬರಿದಾಗುತ್ತಿದೆ, ನಮ್ಮ ಹೊಟ್ಟೆಯ ಗತಿಯೇನು ಎಂಬುದು ಅವರ ಪ್ರಶ್ನೆ. 1975ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ತಮ್ಮ ಸಹೋದ್ಯೋಗಿ ನರೇಂದ್ರ ಪ್ರಸಾದರೊಂದಿಗೆ ಈ ಬಿದಿರಿನ ಅಧ್ಯಯನಕ್ಕೆ ತೊಡಗಿದರು. ಕಾಡಿನಲ್ಲಿ ಇದೆಯೆಂದು ಕಡತದಲ್ಲಿ ಬರೆದಿದ್ದ ಬಿದಿರಿಗೂ ನಿಜವಾಗಿ ಇದ್ದ ಬಿದಿರಿಗೂ ಬಹಳ ಅಂತರ ಕಂಡಿತು. ಇನ್ನೊಂದು ಸಂಗತಿ ನನಗೆ ಎಂದೂ ಮರೆಯದಂಥದು. ಬಿದಿರುಮೆಳೆಯ ಬುಡದಲ್ಲಿ ಮುಳ್ಳಿನ ಹೆಣಿಗೆ ಇರುತ್ತದಲ್ಲ, ಅದನ್ನು ಸವರಿ ತೆಗೆದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆಂದು ಅರಣ್ಯಶಾಸ್ತ್ರದ ಪುಸ್ತಕಗಳು ಹೇಳಿದ್ದವು. ಅದರಂತೆ ಸವರಿದರು. ಆದರೆ ಮಳೆಗಾಲದಲ್ಲಿ ಏಳುವ ಎಳೆಯ ಕಳಲೆಗೆ ಕಾವಲಾಗಿದ್ದದ್ದು ಆ ಮುಳ್ಳೇ. ಕಾವಲು ಹೋದ ಮೇಲೆ ದನಗಳೂ ಕಾಡುಪ್ರಾಣಿಗಳೂ ಕಳಲೆಯನ್ನು ಮೇಯ್ದವು. ಹೊಸ ಬಿದಿರು ಏಳಲಿಲ್ಲ. ಕಾಡಿನ ಜನರಿಗೆ ಇದು ಮೊದಲೇ ತಿಳಿದಿತ್ತು. ಅವರನ್ನು ಕೇಳಿದವರಿರಲಿಲ್ಲ.

ಮಿಲ್ಲು ದೂರದೂರದ ಕಾಡುಗಳತ್ತ ಮುಖ ಮಾಡಬೇಕಾಯಿತು. 1972ರಲ್ಲಿ ವನ್ಯಜೀವಿ ಕಾಯಿದೆ, 1974ರಲ್ಲಿ ಜಲಮಾಲಿನ್ಯದ ಕಾಯಿದೆ ಬಂದವು. ಕಾಳಿಗೆ ಬಿಡುತ್ತಿದ್ದ ಕೊಳೆನೀರಿನ ಬಗ್ಗೆ ನದಿಯ ಕೆಳದಂಡೆಯ ಜನ ತಕರಾರು ತೆಗೆದರು. 1988ರ ರಾಷ್ಟ್ರೀಯ ಅರಣ್ಯ ನೀತಿ, ಕಾರ್ಖಾನೆಗಳಿಗೆ ಕಾಡಿನ ಉತ್ಪನ್ನವನ್ನು ರಿಯಾಯಿತಿ ದರದಲ್ಲಿ ಕೊಡುವ ಪದ್ಧತಿ ನಿಲ್ಲಬೇಕು, ಬೇಕಾದ ಮರವನ್ನು ಅವು ರೈತರ ಮೂಲಕ ಬೆಳೆಸಿಕೊಳ್ಳಬೇಕು ಎಂದಿತು. ಒಂದೂವರೆ ರೂಪಾಯಿಯ ಕಾಲ ಮುಗಿದಿತ್ತು. ಹೊಲಗಳಲ್ಲಿ ನೀಲಗಿರಿ, ಅಕೇಶಿಯಾ, ಸುಬಾಬುಲ್ ಬೆಳೆಯುವ ರೈತರು ಮಿಲ್ಲಿಗೆ ಮರ ಕೊಡುವವರಾದರು.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಮಿಲ್ಲು ಮುಳುಗಲಿಲ್ಲ. ಅದೇ ದಾಂಡೇಲಿಯಲ್ಲಿದ್ದ ಪ್ಲೈವುಡ್ ಕಾರ್ಖಾನೆ, ಫೆರೊ ಕಾರ್ಖಾನೆ ಬಾಗಿಲು ಹಾಕಿದವು. ಪೇಪರ್ ಮಿಲ್ಲು ಮಾತ್ರ ದಾರಿ ಬದಲಿಸಿ ಉಳಿಯಿತು, 2019ರಲ್ಲಿ ರಾಜಮಹೇಂದ್ರಿಯ ಆಂಧ್ರ ಪೇಪರ್ ಕಂಪನಿಯನ್ನೇ ಕೊಂಡಿತು. 2022-23ರಲ್ಲಿ ಕಾಗದದ ಬೆಲೆ ಏರಿ ಲಾಭ ಉಕ್ಕಿತು, ಮುಂದಿನ ಎರಡು ವರ್ಷ ಇಳಿಯಿತು. ದೀರ್ಘಕಾಲದ ಹೂಡಿಕೆ ಎಂದರೆ ಈ ಏರಿಳಿತವನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಕೂರುವುದು.

ಈ ಕಣ್ಣಿನಿಂದ ನಾನು ನನ್ನ ಮಗಳಂಥವಳ ಕಂಪನಿಯ ಕಥೆ ಕೇಳಿದೆ. ಆಟದ ಎಂಜಿನ್ ಎಂದರೇನೆಂದು ಅವಳು ವಿವರಿಸಿದ ರೀತಿ ಚೆನ್ನಾಗಿತ್ತು. ಮೊಬೈಲಿನ ಆಟದಲ್ಲಿ ಚೆಂಡು ಬಿದ್ದರೆ ಪುಟಿಯಬೇಕು, ದೀಪ ಹಚ್ಚಿದರೆ ನೆರಳು ಬೀಳಬೇಕು. ಇದನ್ನೆಲ್ಲ ಪ್ರತಿಯೊಬ್ಬ ತಯಾರಕನೂ ಮೊದಲಿನಿಂದ ಬರೆಯುತ್ತ ಕೂರುವುದಿಲ್ಲ, ಸಿದ್ಧವಾಗಿರುವುದನ್ನು ತರುತ್ತಾನೆ. ಅಂದರೆ ಮಿಲ್ಲು ಪುಸ್ತಕ ಬರೆಯುವುದಿಲ್ಲ, ಬರೆಯುವವರಿಗೆ ಕಾಗದ ಕೊಡುತ್ತದೆ, ಹಾಗೆ. ಕೋಪನ್‌ಹೇಗನ್ನಿನ ಮೂವರು ತರುಣರು 2004ರಲ್ಲಿ ಈ ಕಂಪನಿ ಕಟ್ಟಿದರು. ಅವರ ಸ್ವಂತ ಆಟ ಓಡಲಿಲ್ಲ, ಆಟ ಕಟ್ಟಲು ಮಾಡಿಕೊಂಡ ಸಲಕರಣೆ ಓಡಿತು. ಸಣ್ಣಪುಟ್ಟ ತಯಾರಕರಿಗೆ ಅಗ್ಗಕ್ಕೆ, ಎಷ್ಟೋ ಜನರಿಗೆ ಪುಕ್ಕಟೆಯಾಗಿ ಕೊಟ್ಟದ್ದರಿಂದ ಅದು ಊರೆಲ್ಲ ಹರಡಿತು. 2020ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಷೇರು ಮಾರಿದ್ದು 52 ಡಾಲರಿಗೆ. 2021ರ ನವೆಂಬರಿನಲ್ಲಿ ಅದು ಇನ್ನೂರು ಡಾಲರು ಮುಟ್ಟಿತು. 2024ರ ಆಗಸ್ಟಿನಲ್ಲಿ ಹದಿನೈದರ ಆಸುಪಾಸಿಗೆ ಇಳಿಯಿತು.

ನಡುವೆ ಆದದ್ದೇನು? ಷೇರು ಪೇಟೆಗೆ ಬಂದ ವರ್ಷದಿಂದ 2024ರವರೆಗೆ ಒಂದು ವರ್ಷವೂ ಕಂಪನಿ ನಿವ್ವಳ ಲಾಭ ಕಂಡಿರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಅದು ಹೊಸ ಶುಲ್ಕ ಸಾರಿತು. ಒಂದು ಮಿತಿ ದಾಟಿದ ಆಟವನ್ನು ಜನ ಪ್ರತಿ ಸಲ ಹೊಸದಾಗಿ ಹಾಕಿಕೊಂಡಾಗಲೂ ತಯಾರಕ ಕಂಪನಿಗೆ ಹಣ ಕಟ್ಟಬೇಕು. ಆಗಲೇ ತಯಾರಾಗಿ ಮಾರಾಟವಾಗುತ್ತಿದ್ದ ಆಟಗಳಿಗೂ ಇದು ತಟ್ಟುವಂತಿತ್ತು. ನಂಬಿ ಬಂದವರು ಸಿಡಿದೆದ್ದರು. ಹಲವರು ಗೋಡೋ ಎಂಬ, ಯಾರ ಒಡೆತನವೂ ಇಲ್ಲದ ಪುಕ್ಕಟೆ ಎಂಜಿನ್ನಿನತ್ತ ಹೊರಳಿದರು. ಅಕ್ಟೋಬರಿನಲ್ಲಿ ಕಂಪನಿಯ ಮುಖ್ಯಸ್ಥರು ಕುರ್ಚಿ ಬಿಟ್ಟರು. 2024ರ ಸೆಪ್ಟೆಂಬರಿನಲ್ಲಿ ಆ ಶುಲ್ಕವನ್ನೇ ಕೈಬಿಟ್ಟರು.

ಇದನ್ನು ಕೇಳುವಾಗ ನನ್ನ ಕಣ್ಣಮುಂದೆ ಬಂದದ್ದು ಮೆಳೆಯ ಬುಡ. ತಯಾರಕರ ನಂಬಿಕೆಯೇ ಆ ಕಂಪನಿಯ ಬಿದಿರುಕಾಡು. ಬೇಗ ಹೆಚ್ಚು ಕೊಯ್ಯಬೇಕೆಂದು ಬುಡದ ಮುಳ್ಳಿಗೆ ಕತ್ತಿ ಹಾಕಿದರು, ಕಳಲೆಗೆ ಕುತ್ತು ಬಂತು. ಹಾಗೆಂದು ಕಂಪನಿ ಮುಳುಗುತ್ತದೆಂದು ನಾನು ಹೇಳಲಾರೆ, ನಮ್ಮ ಮಿಲ್ಲಿನಂತೆ ದಾರಿ ಬದಲಿಸಿ ಉಳಿಯಲೂಬಹುದು. ಕತ್ತರಿಸಿದ ಮೆಳೆ ಮತ್ತೆ ಏಳಲು ವರ್ಷಗಳು ಬೇಕು ಎಂಬುದನ್ನಷ್ಟೇ ನಮ್ಮ ಕಾಡು ಕಲಿಸಿದೆ. ಆ ವರ್ಷಗಳನ್ನು ಕಾಯಲು ಹಣ ಹಾಕುವವಳ ಬಳಿ ಪುರುಸೊತ್ತಿದೆಯೇ ಎಂಬುದು ಮುಖ್ಯ.

ನನ್ನ ಅಕ್ಕನಿಗೆ ಅರವತ್ತೆರಡು ವರ್ಷ. ಅವಳ ಬಳಿ ಆ ಪುರುಸೊತ್ತಿಲ್ಲ. ಮಗಳಿಗೆ ಇಪ್ಪತ್ತೇಳು, ಅವಳಿಗಿದೆ. ಅದಕ್ಕೇ ನಾನು ಹೇಳಿದೆ: "ಅವ್ವನ ಹೊಲದ ಹಣ ಅಂಚೆಕಚೇರಿ, ಬ್ಯಾಂಕು ಬಿಟ್ಟು ಅಲ್ಲಾಡಬಾರದು. ನಿನಗ ಅಷ್ಟು ನಂಬಿಕಿ ಇದ್ರ ನಿನ್ನ ಪಗಾರದಾಗ ಹೋದ್ರ ಅಳು ಬಾರದಷ್ಟು ಹಾಕು." ಅವಳು ಎರಡು ದಿನ ಮುನಿಸಿಕೊಂಡಳು. ಮೂರನೆಯ ದಿನ ಫೋನು ಮಾಡಿ, "ಚಿಕ್ಕಮ್ಮ, ಆ ಒಂದೂವರೆ ರೂಪಾಯಿ ಕಥಿ ಇನ್ನೊಮ್ಮೆ ಹೇಳು" ಎಂದಳು.

ಓದುವ ತಂಗಿಯರಿಗೂ ನಾನು ಹೇಳುವುದಿಷ್ಟೆ. ಮನೆಯ ಹಣ ಯಾವುದಾದರೂ ಕಂಪನಿಗೆ ಹೋಗುವ ಮಾತು ಬಂದಾಗ ಎದ್ದು ಹೋಗಬೇಡಿ. ಇದರ ಬಿದಿರು ಯಾವುದು, ಅದನ್ನು ಯಾರಿಂದ ಪಡೆಯುತ್ತದೆ, ತಕ್ಕ ಬೆಲೆ ಕೊಡುತ್ತದೆಯೇ, ಅಗ್ಗದ ಕಾಲ ಮುಗಿದ ಮೇಲೂ ಬದುಕಬಲ್ಲುದೇ, ಕೊಳೆಯನ್ನು ಯಾರ ಅಂಗಳಕ್ಕೆ ಬಿಡುತ್ತದೆ ಎಂದು ಕೇಳಿ. ದಾಂಡೇಲಿಯ ಬಿದಿರಿನ ಬಗ್ಗೆ ಈ ಪ್ರಶ್ನೆಗಳನ್ನು ಮೊದಲು ಕೇಳಿದವರು ಬುಟ್ಟಿ ಹೆಣೆಯುವ ಜನ. ಅವರ ಕೈಯಲ್ಲಿ ಒಂದೂ ಷೇರು ಇರಲಿಲ್ಲ.