ನೇತ್ರಾಣಿ ಸ್ಕೂಬಾ: ಹಿಂದಿನ ರಾತ್ರಿಯೇ ಬನ್ನಿ, ಮುಗಿದ ಕೂಡಲೇ ಘಟ್ಟ ಹತ್ತಬೇಡಿ

ಭಟ್ಕಳ: ಮಳೆಗಾಲ ಮುಗಿದು ಕಡಲು ಶಾಂತವಾಗುತ್ತಿದ್ದಂತೆ ಮುರ್ಡೇಶ್ವರದ ಲಾಡ್ಜು, ಹೋಟೆಲು, ಎಳನೀರು ಗಾಡಿಗಳ ಮುಂದೆ ಒಂದೇ ಪ್ರಶ್ನೆ: 'ಸ್ಕೂಬಾ ಎಲ್ಲಿ ಮಾಡಿಸ್ತಾರೆ? ಇವತ್ತೇ ಆಗುತ್ತಾ?' ಎಲ್ಲಿ ಅಂತ ಹೇಳೋದು ಸುಲಭ. ಇವತ್ತೇ ಆಗುತ್ತಾ ಅನ್ನೋದಕ್ಕೆ ಉತ್ತರ ಹೆಚ್ಚಿನ ಸಲ 'ಇಲ್ಲ'. ಅದನ್ನು ಬುಕಿಂಗ್ ಮಾಡುವ ಮೊದಲೇ ಬಂದವರಿಗೆ ಹೇಳಿಬಿಟ್ಟರೆ ಅವರಿಗೂ ಅನುಕೂಲ, ಊರಿಗೂ ಅನುಕೂಲ.

ನೇತ್ರಾಣಿ ಇರುವುದು ಮುರ್ಡೇಶ್ವರ ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿ. ಬೋಟಿನಲ್ಲಿ ಒಂದರಿಂದ ಒಂದೂವರೆ ಗಂಟೆ. ಪಾರಿವಾಳ ದ್ವೀಪ ಅಂತಲೂ ಹೆಸರಿದೆ, ಮೇಲಿನಿಂದ ನೋಡಿದರೆ ಹೃದಯದ ಆಕಾರ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದ ಜಾಗ ಇದು, ಹಾಗಾಗಿ ಡೈವಿಂಗ್‌ಗೆ ಬಂದವರನ್ನು ದ್ವೀಪದ ಮೇಲೆ ಇಳಿಸುವುದಿಲ್ಲ. ಏನಿದ್ದರೂ ಸುತ್ತಲಿನ ನೀರಿನಲ್ಲೇ. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' 2022ರಲ್ಲಿ ತೆರೆಗೆ ಬಂದಾಗ ಅದರಲ್ಲಿ ನೇತ್ರಾಣಿಯ ನೀರೊಳಗಿನ ದೃಶ್ಯಗಳೂ ಇದ್ದವು. ಅಪ್ಪು ಮುಳುಗಿದ ಜಾಗ ನೋಡಬೇಕು ಅಂತ ಬರುವವರು ಈಗಲೂ ಇದ್ದಾರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೈವಿಂಗ್ ಬಂದ್. ಅಕ್ಟೋಬರಿನಲ್ಲಿ ಶುರುವಾದರೂ ಹೊಳೆಗಳು ತಂದು ಸುರಿದ ಮಣ್ಣು ನೀರಿನಲ್ಲಿ ಇನ್ನೂ ತೇಲುತ್ತಿರುತ್ತದೆ. ನವೆಂಬರ್ ದಾಟಿದ ಮೇಲೆ ನೀರು ತಿಳಿಯಾಗುತ್ತದೆ, ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಚಳಿಗಾಲ ಅಂತ ಹೆದರಬೇಕಿಲ್ಲ, ಆಗಲೂ ನೀರು 27–28 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ಗಿಳಿಮೀನು, ಚಿಟ್ಟೆಮೀನು, ಬರಾಕುಡ, ಅದೃಷ್ಟ ಇದ್ದರೆ ಕಡಲಾಮೆ ಕಾಣಸಿಗುತ್ತವೆ. ತಿಮಿಂಗಿಲ ಶಾರ್ಕ್ ಕಂಡದ್ದೂ ಉಂಟು, ಆದರೆ ಅದನ್ನು ತೋರಿಸ್ತೇವೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ಕಷ್ಟ ಇರುವುದು ತಿಂಗಳಿನಲ್ಲಲ್ಲ, ಗಡಿಯಾರದಲ್ಲಿ. ಚಳಿಗಾಲದ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ನೀರು ಸಪಾಟಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಎದ್ದು ಬೋಟ್ ಕುಣಿಯಲು ಶುರುಮಾಡುತ್ತದೆ. ಅದಕ್ಕೇ ಬೋಟುಗಳು ಬೆಳಿಗ್ಗೆ ಬೇಗ ಹೊರಡುತ್ತವೆ. ರಾತ್ರಿಯಿಡೀ ಕಾರು ಓಡಿಸಿಕೊಂಡು ಬಂದು, ನಿದ್ದೆಗೆಟ್ಟ ಕಣ್ಣಲ್ಲೇ ನೇರ ಬೋಟ್ ಹತ್ತುವವರು ಅರ್ಧ ದಾರಿಯಲ್ಲೇ ವಾಂತಿ ಮಾಡಿಕೊಂಡು ಸುಸ್ತಾಗ್ತಾರೆ. ಹಿಂದಿನ ಸಂಜೆಯೇ ಬಂದು ಮಲಗಿ, ಕುಡಿತ ಬಿಟ್ಟು, ಬೆಳಿಗ್ಗೆ ಬನ್ಸ್ ಬದಲು ಎರಡು ಇಡ್ಲಿ ತಿಂದು ಹೊರಡಬೇಕು. ವಾಂತಿ ತಡೆಯುವ ಮಾತ್ರೆ ಬೇಕಾದವರು ಹಿಂದಿನ ದಿನವೇ ವೈದ್ಯರನ್ನು ಕೇಳಿ, ಬೋಟಿನವರಿಗೂ ಹೇಳಲಿ. ಕೆಲವು ಮಾತ್ರೆಗಳಿಂದ ಮಂಪರು ಬರುತ್ತದೆ.

ಶನಿವಾರ, ಭಾನುವಾರ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಬೋಟೂ ತುಂಬಿ, ರೂಮೂ ತುಂಬಿ. ಅದರ ಜೊತೆಗೆ ಮಕರ ಸಂಕ್ರಾಂತಿವರೆಗೆ ಅಯ್ಯಪ್ಪ ಮಾಲಾಧಾರಿಗಳ ವಾಹನಗಳೂ ಬರುತ್ತವೆ. ಸಾಧ್ಯವಾದರೆ ವಾರದ ನಡುವೆ ಬರುವುದೇ ಮೇಲು.

ಯಾರು ಮುಳುಗಬಹುದು?

ಈಜು ಬರದವರೂ ಮೊದಲ ಪ್ರಯೋಗದ ಡೈವ್ ಮಾಡಬಹುದು, ತರಬೇತುದಾರ ಪಕ್ಕದಲ್ಲೇ ಇರುತ್ತಾರೆ. ಅಂತಾರಾಷ್ಟ್ರೀಯ ಡೈವಿಂಗ್ ಸಂಸ್ಥೆ ಪ್ಯಾಡಿಯ ನಿಯಮದಲ್ಲಿ ಕನಿಷ್ಠ ವಯಸ್ಸು 10, ಪ್ರಯೋಗದ ಡೈವ್‌ಗೆ ಗರಿಷ್ಠ ಆಳ 12 ಮೀಟರ್. ಓಪನ್ ವಾಟರ್ ಕೋರ್ಸ್ ಮುಗಿಸಿದ ದೊಡ್ಡವರಿಗೆ 18 ಮೀಟರ್. ಆಸ್ತಮಾ, ಹೃದಯದ ತೊಂದರೆ, ಫಿಟ್ಸ್, ಕಿವಿಯ ಆಪರೇಷನ್ ಆದವರು ವೈದ್ಯರ ಚೀಟಿ ಇಲ್ಲದೆ ಇಳಿಯಬಾರದು. ಗರ್ಭಿಣಿಯರಿಗೆ ಬೇಡವೇ ಬೇಡ. ಸಾಧಾರಣ ಶೀತ ಕೂಡ ಇಲ್ಲಿ ಸಣ್ಣ ವಿಷಯ ಅಲ್ಲ. 10 ಮೀಟರ್ ಆಳದಲ್ಲಿ ಮೈಮೇಲಿನ ಒತ್ತಡ ದಡದಲ್ಲಿರುವುದರ ಎರಡರಷ್ಟು. ಮೂಗು ಹಿಡಿದು ಊದಿ ಕಿವಿ ಬಿಡಿಸಿಕೊಳ್ಳಲು ಆಗದಿದ್ದರೆ ಕಿವಿತಮಟೆಗೆ ಪೆಟ್ಟು. ಮೇಲೆ ಬರುವಾಗ ಉಸಿರು ಬಿಗಿಹಿಡಿಯಬಾರದು. ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುವ ಅಪಾಯ ಇದೆ. ದುಡ್ಡು ಕೊಟ್ಟಾಗಿದೆ ಅಂತ ಆರೋಗ್ಯದ ಫಾರ್ಮ್‌ನಲ್ಲಿ ಎಲ್ಲದಕ್ಕೂ 'ಇಲ್ಲ' ಬರೆಯುವವರಿದ್ದಾರೆ. ಅದು ತಮಗೆ ತಾವೇ ಮಾಡಿಕೊಳ್ಳುವ ಮೋಸ.

ಘಟ್ಟದ ಲೆಕ್ಕ

ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ನೀರಿನಡಿ ಉಸಿರಾಡುವಾಗ ಗಾಳಿಯ ಸಾರಜನಕ ಒತ್ತಡಕ್ಕೆ ರಕ್ತದಲ್ಲಿ, ಮಾಂಸದಲ್ಲಿ ಕರಗುತ್ತದೆ, ಮೇಲೆ ಬಂದ ಮೇಲೆ ನಿಧಾನಕ್ಕೆ ಹೊರಗೆ ಹೋಗುತ್ತದೆ. ಅದಕ್ಕೆ ಮೊದಲೇ ಎತ್ತರದ ಜಾಗಕ್ಕೆ ಏರಿದರೆ ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಗುಳ್ಳೆ ಏಳಬಹುದು. ಒಂದೇ ಡೈವ್ ಮಾಡಿದವರು ಕನಿಷ್ಠ 12 ಗಂಟೆ, ದಿನಕ್ಕೆ ಹಲವು ಡೈವ್ ಅಥವಾ ಸತತ ದಿನ ಮಾಡಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಎಂಬುದು ಡೈವಿಂಗ್ ಸುರಕ್ಷತೆಯ ಒಪ್ಪಿತ ಸಲಹೆ. ಸುಮಾರು 600 ಮೀಟರ್‌ಗಿಂತ ಎತ್ತರದ ರಸ್ತೆಗೂ ಇದೇ ಲೆಕ್ಕ ಇಟ್ಟುಕೊಳ್ಳುವುದು ಕ್ಷೇಮ. ಬೆಂಗಳೂರು 900 ಮೀಟರ್‌ಗೂ ಮೇಲಿದೆ, ಚಿಕ್ಕಮಗಳೂರು ಸಾವಿರ ದಾಟುತ್ತದೆ.

ಹನ್ನೆರಡು ಮೀಟರ್ ಒಳಗಿನ ಒಂದು ಸಣ್ಣ ಡೈವ್‌ಗೆ ಅಪಾಯ ಕಡಿಮೆ, ನಿಜ. ಆದರೂ ಹತ್ತು ಗಂಟೆಗೆ ಮುಳುಗಿ, ಊಟ ಮುಗಿಸಿ ಎರಡು ಗಂಟೆಗೆ ಕಾರು ಹತ್ತಿದರೆ ಸಂಜೆಯೊಳಗೇ ಘಟ್ಟದ ಮೇಲಿರ್ತಾರೆ. ಅಂದು ತಂಗಿ ಮರುದಿನ ಹೊರಡುವುದು ಒಳ್ಳೆಯದು. ಆಗದವರು ರಾತ್ರಿ ತಡವಾಗಿ ಹೊರಡುವ ಬಸ್ಸನ್ನಾದರೂ ಹಿಡಿಯಲಿ. ಕಾದಿರುವ ಹೊತ್ತಿಗೆ ದೇವಸ್ಥಾನ ಇದೆ, ಪೇಟೆ ಇದೆ. ಡೈವ್ ಆದ ಮೇಲೆ ಕೀಲು ನೋವು, ಮೈ ಜುಮುಜುಮು, ತಲೆಸುತ್ತು ಕಂಡರೆ ಎಣ್ಣೆ ತಿಕ್ಕಿ ಮಲಗಬಾರದು. ತಕ್ಷಣ ಆಸ್ಪತ್ರೆಗೆ ಹೋಗಿ 'ಸ್ಕೂಬಾ ಮಾಡಿದ್ದೆ' ಅಂತ ಮೊದಲ ಮಾತಿನಲ್ಲೇ ಹೇಳಬೇಕು.

ದರ ಒಬ್ಬೊಬ್ಬರದು ಒಂದೊಂದು. ಹಣ ಕೊಡುವ ಮೊದಲು ಬೋಟ್, ಸಲಕರಣೆ, ಫೋಟೊ ಎಲ್ಲ ಸೇರಿದೆಯಾ, ಒಬ್ಬ ತರಬೇತುದಾರನಿಗೆ ಎಷ್ಟು ಜನ, ಬೋಟಿನಲ್ಲಿ ಆಕ್ಸಿಜನ್ ಸಿಲಿಂಡರ್ ಮತ್ತು ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ, ಕಡಲು ಕೆಟ್ಟು ಟ್ರಿಪ್ ನಿಂತರೆ ಹಣ ವಾಪಸಾ ಅಥವಾ ಬೇರೆ ದಿನ ಕೊಡ್ತಾರಾ ಅಂತ ಕೇಳಿಕೊಳ್ಳಬೇಕು. ಐನೂರು ರೂಪಾಯಿ ಕಡಿಮೆ ಅಂತ ಗಿರಾಕಿಯನ್ನು ಪರವಾನಗಿ ಇಲ್ಲದವರ ಹತ್ತಿರ ಕಳಿಸುವ ಅಂಗಡಿಯವರು 2024ರ ಡಿಸೆಂಬರ್ ನೆನಪಿಸಿಕೊಳ್ಳಲಿ. ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಅದು ಡೈವಿಂಗ್ ಅಲ್ಲ, ದಡದ ಅಲೆಯಲ್ಲಿ ಆದ ಸಾವು. ಆಮೇಲೆ ಬೀಚ್ ಬಂದ್ ಆಯಿತು, ಅದೂ ಸೀಸನ್ನಿನ ನಡುವೆ.

ಇನ್ನು ನೀರಿನಡಿಯಿಂದ ನೆನಪಿಗೆ ಅಂತ ಹವಳದ ತುಂಡು ತರುವುದು, ಅದನ್ನು ಕೊಂಡು ಅಂಗಡಿಯಲ್ಲಿ ಮಾರುವುದು ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗಿರಾಕಿ ಚೀಲ ಬಿಚ್ಚಿ ತೋರಿಸಿದರೂ ಕೈಗೆ ತಗೊಳ್ಳಬೇಡಿ.