ಹವಾಮಾನ ಮತ್ತು ಹಂಗುಲ್ ಜಿಂಕೆಗಳ ಸಂಚಾರ

ಶ್ರೀನಗರದ ಸಮೀಪದ ದಾಚಿಗಾಮ್ ಪರ್ವತಾರಣ್ಯವು ಹಿಂದೆ ಕಾಶ್ಮೀರದ ಮಹಾರಾಜರ ಬೇಟೆಯ ಮೀಸಲು ಪ್ರದೇಶವಾಗಿತ್ತು. 1981ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಸುಮಾರು 141 ಚದರ ಕಿ.ಮೀ. ವಿಸ್ತೀರ್ಣದ ಈ ಉದ್ಯಾನವು ಅಳಿವಿನಂಚಿನಲ್ಲಿರುವ ಹಂಗುಲ್ ಜಿಂಕೆಯ ಪ್ರಮುಖ ನೆಲೆಯಾಗಿರುತ್ತದೆ.

ಚಳಿಗಾಲದಲ್ಲಿ ಎತ್ತರದ ಇಳಿಜಾರುಗಳ ಮೇವು ಹಿಮದಿಂದ ಮುಚ್ಚಿಹೋಗುವುದರಿಂದ ಜಿಂಕೆಗಳು ಕೆಳ ದಾಚಿಗಾಮ್ ಕಣಿವೆಗೆ ಇಳಿಯುತ್ತವೆ. ಹಿಮ ಕರಗಿ ಹುಲ್ಲು ಚಿಗುರಿದಂತೆ ಮೇಲಿನ ಹುಲ್ಲುಗಾವಲುಗಳಿಗೆ ಮರಳುತ್ತವೆ. ಹಿಮಪಾತ ಹೆಚ್ಚಾದಾಗ ಅಂಚಿನ ಗ್ರಾಮಗಳ ಬಳಿಗೂ ಬರುವುದುಂಟು. ಆಗ ಅವುಗಳನ್ನು ಬೆನ್ನಟ್ಟಿದಲ್ಲಿ, ಮೇವಿಲ್ಲದೆ ಬಳಲಿದ ಪ್ರಾಣಿಗಳು ಶಕ್ತಿಗುಂದಿ ಸಾಯುವ ಸಂಭವವಿರುತ್ತದೆ.

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಮೇರೆಗೆ ಹಂಗುಲ್ ಬೇಟೆಯು ಶಿಕ್ಷಾರ್ಹ ಅಪರಾಧವಾಗಿದೆ. ಉದ್ಯಾನ ಪ್ರವೇಶಕ್ಕೆ ಪೂರ್ವಾನುಮತಿ ಕಡ್ಡಾಯವಾಗಿದ್ದು, ಚಳಿಗಾಲದಲ್ಲಿ ಭೇಟಿ ನೀಡುವ ಅರ್ಜಿದಾರರು ಜಿಂಕೆಗಳಿಂದ ದೂರವಿರತಕ್ಕದ್ದು.