ಸಂಘದ ಲೆಕ್ಕ ಮತ್ತು ಮುಕ್ತ ಶಾಲೆಯ ಪರೀಕ್ಷೆ

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘವು ಬೆಳ್ಳಿ ಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಕಟ್ಟಡ ಎದ್ದ ಕಥೆ, ಬಲ್ಕ್ ಕೂಲರ್ ಬಂದ ಕಥೆ ಮುಂತಾದವನ್ನು ಮಾನ್ಯ ಅಧ್ಯಕ್ಷರೂ ಹಿರಿಯ ನಿರ್ದೇಶಕರೂ ಬರೆಯುತ್ತಿದ್ದಾರೆ. ನಮಗೆ ವಹಿಸಿದ್ದು ಸಂಘ ಮತ್ತು ವಿದ್ಯೆ ಎಂಬ ವಿಷಯ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ ಮಾತ್ರ, ದೊಡ್ಡ ವಿದ್ಯೆಯ ಬಗ್ಗೆ ಬರೆಯುವ ಯೋಗ್ಯತೆ ನಮಗಿಲ್ಲ. ಹತ್ತನೇ ಕ್ಲಾಸು ದಾಟದೆ ಉಳಿದ ನಮ್ಮೂರಿನ ಕೆಲವರು ಮುಕ್ತ ಶಾಲೆಯ ಮೂಲಕ ವ್ಯವಹಾರ ಅಧ್ಯಯನ ಎಂಬ ವಿಷಯ ಓದಿ ಪಾಸಾದ ಸಂಗತಿಯನ್ನು ಮಾತ್ರ ಬರೆಯುತ್ತೇವೆ. ಇದೇನು ಸಣ್ಣ ವಿಷಯ ಅಂತ ಯಾರಾದರೂ ಅನ್ನಬಹುದು. ಸಂಘದ ಬೋನಸ್ ಗಲಾಟೆ ತಣ್ಣಗಾದದ್ದು ಇದರಿಂದಲೇ ಎಂಬುದನ್ನು ಸದಸ್ಯ ಬಾಂಧವರು ಮರೆತಿರಲಾರರು.

ವ್ಯಾಪಾರ ನಮ್ಮ ಕಡೆಗೆ ಹೊಸದೇನಲ್ಲ. 1809ರಲ್ಲಿ ಇಂಗ್ಲಿಷರು ಹಲಸೂರಿನ ಪಕ್ಕದಲ್ಲಿ ದಂಡು ಸ್ಥಾಪಿಸಿದ ಮೇಲೆ ಸಿಪಾಯಿಗಳಿಗೆ ಸೊಪ್ಪು, ತರಕಾರಿ, ಹಾಲು, ಹುಲ್ಲು ಎಲ್ಲವೂ ಸುತ್ತಲಿನ ಹಳ್ಳಿಗಳಿಂದಲೇ ಹೋಗಬೇಕಿತ್ತು. 1864ರಲ್ಲಿ ಜೋಲಾರ್‌ಪೇಟೆ ಕಡೆಯಿಂದ ದಂಡಿಗೆ ರೈಲು ಬಂತು. ಇವತ್ತು ಶಿವಾಜಿನಗರ ಅನ್ನುವ ಜಾಗಕ್ಕೆ ಆಗ ಬ್ಲಾಕ್‌ಪಳ್ಳಿ ಎಂದು ಹೆಸರು. ಅಲ್ಲಿ 1927ರಲ್ಲಿ ರಸೆಲ್ ಮಾರುಕಟ್ಟೆ ಕಟ್ಟಿದರು. ನಮ್ಮ ತಾತಂದಿರು ರಾತ್ರಿಯೇ ಗಾಡಿ ಕಟ್ಟಿ ಕೃಷ್ಣರಾಜಪುರ ದಾಟಿ ಬೆಳಗಿನ ಜಾವಕ್ಕೆ ಅಲ್ಲಿ ಮಾಲು ಇಳಿಸುತ್ತಿದ್ದರಂತೆ. ಬೆಳೆ ನಮ್ಮದು, ಬರೆಯುವ ಪುಸ್ತಕ ಮಾತ್ರ ಮಂಡಿಯವರದು. ಎಷ್ಟು ಮೂಟೆ, ಎಷ್ಟು ಕಮಿಷನ್, ಕಳೆದ ಸಲದ ಸಾಲಕ್ಕೆ ಎಷ್ಟು ವಜಾ, ಅವರು ಓದಿ ಹೇಳಿದ್ದೇ ಲೆಕ್ಕ. ದಂಡು ಮತ್ತು ಪೇಟೆ 1949ರಲ್ಲಿ ಒಂದೇ ಕಾರ್ಪೊರೇಷನ್ ಆದವು, ಆದರೂ ಈ ಲೆಕ್ಕದ ಪದ್ಧತಿ ಬದಲಾಗಲಿಲ್ಲ.

ಸಹಕಾರ ಹುಟ್ಟಿದ್ದೂ ಇಂಥ ಸಂಕಟದಿಂದಲೇ. 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲಿನಲ್ಲಿ 28 ಮಂದಿ ಬಡ ಕೆಲಸಗಾರರು ಸೇರಿ ಹಿಟ್ಟು, ಬೆಣ್ಣೆ, ಸಕ್ಕರೆ ಮಾರುವ ಸ್ವಂತ ಅಂಗಡಿ ತೆರೆದರು. ನಮ್ಮ ದೇಶದಲ್ಲಿ 1904ರಲ್ಲಿ ಸಹಕಾರ ಕಾನೂನು ಬಂತು. ಮಾರನೇ ವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಇದೆಲ್ಲ ಪ್ರತಿ ಸಹಕಾರ ಸಪ್ತಾಹದ ಭಾಷಣದಲ್ಲೂ ಕೇಳಿದ್ದೇ, ಬೆಳೆಸುವುದಿಲ್ಲ.

ನಮ್ಮ ಭಾಗಕ್ಕೆ ಇನ್ನೊಂದು ಬದಲಾವಣೆ ತಂದದ್ದು ಕಾರ್ಖಾನೆಗಳು. 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ದೂರವಾಣಿನಗರದ ಐ.ಟಿ.ಐ., ಆಮೇಲೆ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಬಂದವು. ಬರಬರುತ್ತಾ ಯಾವ ಗೇಟಿನ ಮುಂದೆ ನಿಂತರೂ ಮೊದಲ ಪ್ರಶ್ನೆ, ಎಸ್.ಎಸ್.ಎಲ್.ಸಿ. ಪಾಸೋ ಫೇಲೋ? ಗಣಿತ, ಇಂಗ್ಲಿಷಿನಲ್ಲಿ ನಪಾಸಾದ ಹುಡುಗ ಮತ್ತೆ ಮತ್ತೆ ಕಟ್ಟುತ್ತಿದ್ದ, ಆಮೇಲೆ ಬಿಟ್ಟುಬಿಡುತ್ತಿದ್ದ. ಹೆಣ್ಣುಮಕ್ಕಳಿಗಂತೂ ಫೇಲ್ ಆದ ವರ್ಷವೇ ಮದುವೆ. ಹೀಗೆ ಉಳಿದವರು ದಡ್ಡರಲ್ಲ. ಎಷ್ಟು ಲೀಟರ್, ಎಷ್ಟು ಫ್ಯಾಟ್, ಎಷ್ಟು ದುಡ್ಡು ಎಂದು ನಿಂತ ನಿಲುವಿನಲ್ಲೇ ಬಾಯಿಲೆಕ್ಕ ಹಾಕಬಲ್ಲವರು ಅವರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಅಂಥವರಿಗೆ ಇನ್ನೊಂದು ಬಾಗಿಲು ತೆರೆದದ್ದು ಮುಕ್ತ ಶಾಲೆ. 1979ರಲ್ಲಿ ದೆಹಲಿಯಲ್ಲಿ ಸಿ.ಬಿ.ಎಸ್.ಇ.ಯವರು ಇದನ್ನು ಪ್ರಯೋಗವಾಗಿ ಆರಂಭಿಸಿದರು. 1989ರಲ್ಲಿ ಅದು ರಾಷ್ಟ್ರೀಯ ಮುಕ್ತ ಶಾಲೆ ಎಂಬ ಪ್ರತ್ಯೇಕ ಸಂಸ್ಥೆಯಾಯಿತು, 2002ರಲ್ಲಿ ಎನ್.ಐ.ಒ.ಎಸ್. ಎಂದು ಹೆಸರು ಬದಲಾಯಿತು. ಹದಿನಾಲ್ಕು ತುಂಬಿದ ಯಾರು ಬೇಕಾದರೂ ಸೇರಬಹುದು, ಮೇಲಿನ ವಯಸ್ಸಿಗೆ ಮಿತಿಯಿಲ್ಲ. ಐದು ವಿಷಯ ಪಾಸಾದರೆ ಸಾಕು. ಅದರಲ್ಲಿ ಭಾಷೆ ಒಂದಾದರೂ ಇರಬೇಕು, ಗಣಿತ ಕಡ್ಡಾಯವಲ್ಲ. ಒಂದು ಸಲ ಹೆಸರು ನೋಂದಾಯಿಸಿದರೆ ಐದು ವರ್ಷದೊಳಗೆ ಒಂಬತ್ತು ಸಲ ಪರೀಕ್ಷೆಗೆ ಕೂರಬಹುದು, ಪಾಸಾದ ವಿಷಯ ಪಾಸಾಗಿಯೇ ಇರುತ್ತದೆ. ಹಳೇ ಬೋರ್ಡಿನಲ್ಲಿ ಪಾಸಾಗಿದ್ದ ಎರಡು ವಿಷಯದ ತನಕ ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ನಮ್ಮ ಸಂಘದ ಹಾಲಿನ ಟೆಸ್ಟರ್ ಹುಡುಗ ಕನ್ನಡ, ಸಮಾಜ ವಿಜ್ಞಾನದ ಅಂಕ ಹೀಗೆಯೇ ತಂದುಕೊಂಡು ಉಳಿದ ಮೂರಕ್ಕೆ ವ್ಯವಹಾರ ಅಧ್ಯಯನ, ಅರ್ಥಶಾಸ್ತ್ರ, ಡೇಟಾ ಎಂಟ್ರಿ ತೆಗೆದುಕೊಂಡ. ಅವನ ಜೊತೆಗೆ ಸೇರಿದವರು ಸದಸ್ಯರೊಬ್ಬರ ಸೊಸೆ, ಒಂಬತ್ತಕ್ಕೇ ಶಾಲೆ ಬಿಟ್ಟು ಬಂದ ಹೆಣ್ಣುಮಗಳು. ಇಬ್ಬರೂ ಸಾಯಂಕಾಲದ ಹಾಲು ಅಳೆದು ಮುಗಿದ ಮೇಲೆ ಸಂಘದ ಕಚೇರಿಯಲ್ಲೇ ಕೂತು ಓದುತ್ತಿದ್ದರು. ಲೈಟ್ ಬಿಲ್ ಬಗ್ಗೆ ಒಬ್ಬಿಬ್ಬರು ಗೊಣಗಿದ್ದೂ ಉಂಟು!

ತೊಂದರೆ ಎಂದರೆ ಇವರ ಕೈಗೆ ಬಂದ ಪುಸ್ತಕ ಇಂಗ್ಲಿಷಿನದು. ಅದಕ್ಕೆ ಇವರು ಕಂಡುಕೊಂಡ ಉಪಾಯ ಮೆಚ್ಚತಕ್ಕದ್ದು. ನಮ್ಮ ರಾಜ್ಯದ ಎಂಟು, ಒಂಬತ್ತು, ಹತ್ತನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕದ ಕೊನೆಯಲ್ಲಿ ವ್ಯವಹಾರ ಅಧ್ಯಯನದ ಪಾಠಗಳು ಕನ್ನಡದಲ್ಲೇ ಇವೆ. ಅವನ್ನು ಪಕ್ಕದಲ್ಲಿಟ್ಟುಕೊಂಡು ಪದಕ್ಕೆ ಪದ ಹೊಂದಿಸಿ ಒಂದು ನೋಟ್ ಪುಸ್ತಕ ತುಂಬಿಸಿದರು. ಪಾಠದ ಪ್ರತಿಯೊಂದು ಮಾತಿಗೂ ಕಣ್ಣೆದುರಿನ ಉದಾಹರಣೆ ಬರೆದರು. ಏಕವ್ಯಕ್ತಿ ವ್ಯಾಪಾರಕ್ಕೆ ಬಸ್ ಸ್ಟಾಪಿನ ಟೀ ಅಂಗಡಿ, ಹಿಂದೂ ಅವಿಭಕ್ತ ಕುಟುಂಬದ ವ್ಯಾಪಾರಕ್ಕೆ ಹಲಸೂರಿನ ಅಣ್ಣತಮ್ಮಂದಿರ ಹಳೇ ಅಂಗಡಿ, ಸಗಟು ವ್ಯಾಪಾರಕ್ಕೆ ಶಿವಾಜಿನಗರದ ಮಂಡಿ, ಚಿಲ್ಲರೆ ವ್ಯಾಪಾರಕ್ಕೆ ಕೆ.ಆರ್. ಪುರದ ಸಂತೆ, ಉಗ್ರಾಣ ಮತ್ತು ಸಾಗಣೆಗೆ ವೈಟ್‌ಫೀಲ್ಡಿನ ಕಂಟೈನರ್ ಡಿಪೋ, ಜಾಹೀರಾತಿಗೆ ಇಂದಿರಾನಗರದ ನೂರಡಿ ರಸ್ತೆ. ಸಹಕಾರ ಸಂಘದ ಪಾಠಕ್ಕೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿರಲಿಲ್ಲ, ಸಂಘದ ಬೈಲಾ, ನಗದು ಪುಸ್ತಕ, ಆಡಿಟ್ ವರದಿ ಬೀರುವಿನಲ್ಲೇ ಇದ್ದವು. ಮನೆಯಲ್ಲಿ ಬರೆದು ಒಪ್ಪಿಸುವ ಅಸೈನ್‌ಮೆಂಟಿಗೆ ನೂರಕ್ಕೆ 20 ಪಾಲು ಅಂಕವಿದೆ. ಪಾಸಾಗಲು ಬೇಕಾದ್ದು 33 ಆದ್ದರಿಂದ ಇದನ್ನು ಉದಾಸೀನ ಮಾಡಬಾರದು. ಗೈಡ್ ನೋಡಿ ನಕಲು ಹೊಡೆದವರಿಗಿಂತ ನಮ್ಮ ಈ ಇಬ್ಬರು ಚೆನ್ನಾಗಿ ಬರೆದರು ಎಂದೇ ನಮ್ಮ ಅಭಿಪ್ರಾಯ.

ಆ ನೋಟ್ ಪುಸ್ತಕದಲ್ಲಿ ನಾವು ಎರಡು ಸಲ ಓದಿದ ಪುಟ ಪಾಲುದಾರಿಕೆಯದು. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಪಾಲುದಾರನ ಹೊಣೆಗೆ ಮಿತಿಯಿಲ್ಲ. ವ್ಯಾಪಾರದ ಸಾಲ ವ್ಯಾಪಾರದಲ್ಲಿ ತೀರದಿದ್ದರೆ ಪಾಲುದಾರನ ಮನೆ, ಹೊಲದ ಮೇಲೂ ಬರಬಹುದು. ಜಮೀನು ಲೇಔಟ್ ಆಗಿ ಕೈಗೆ ದುಡ್ಡು ಬಂದ ಮೇಲೆ ಸ್ನೇಹಿತ ಕೇಳಿದ ಅಂತ ಬೋರ್‌ವೆಲ್ ಗಾಡಿಗೋ ಜಲ್ಲಿ ವ್ಯಾಪಾರಕ್ಕೋ ಪಾಲುದಾರನಾಗಿ ಸಹಿ ಹಾಕಿ ಇದ್ದದ್ದನ್ನೂ ಕಳೆದುಕೊಂಡವರು ನಮ್ಮ ಕಡೆ ಇದ್ದಾರೆ, ಹೆಸರು ಬೇಡ. ಸಹಕಾರ ಸಂಘದಲ್ಲಾದರೆ ನಮ್ಮಂಥ ಸದಸ್ಯನ ಹೊಣೆ ಷೇರಿನ ಮಟ್ಟಿಗೆ. ಷೇರು ಎಷ್ಟೇ ಇರಲಿ, ಓಟು ಒಂದೇ. ಎರಡಕ್ಕೂ ಇರುವ ಈ ವ್ಯತ್ಯಾಸವನ್ನು ಸಹಿ ಹಾಕುವ ಮೊದಲೇ ಯಾರಾದರೂ ಕನ್ನಡದಲ್ಲಿ ಬಿಡಿಸಿ ಹೇಳಿದ್ದರೆ ನಮ್ಮ ಹೋಬಳಿಯಲ್ಲಿ ಕೆಲವು ಮನೆಗಳು ಉಳಿಯುತ್ತಿದ್ದವು.

ಇನ್ನು ಬೋನಸ್ ವಿಷಯ. ಆ ವರ್ಷದ ಸರ್ವಸದಸ್ಯರ ಸಭೆಯಲ್ಲಿ, ಲಾಭ ಇಷ್ಟು ಅಂತ ಬರೆದಿದ್ದೀರಿ, ಬೋನಸ್ ಯಾಕೆ ಇಷ್ಟೇ, ಉಳಿದದ್ದು ಯಾರ ಜೇಬಿಗೆ ಅಂತ ದೊಡ್ಡ ಕೂಗಾಯಿತು. ಕಾರ್ಯದರ್ಶಿಯವರು ಹೇಳಿದ್ದನ್ನು ಯಾರೂ ಕೇಳಲಿಲ್ಲ, ನಿರ್ದೇಶಕರು ಬಾಯಿ ತೆರೆದರೆ ಇನ್ನೂ ಅನುಮಾನ. ಆಗ ಹಿಂದಿನ ಸಾಲಿನಿಂದ ಆ ಸೊಸೆ ಎದ್ದು ನಿಂತರು. "ಮಾವ, ಮೀಸಲು ನಿಧಿ ಅಂದ್ರೆ ಡೈರೆಕ್ಟ್ರುಗಳು ಇಟ್ಕೊಳ್ಳೋ ದುಡ್ಡಲ್ಲ. ಲಾಭದಲ್ಲಿ ನಾಲ್ಕನೇ ಒಂದು ಭಾಗ ಅದಕ್ಕೆ ತೆಗೆದಿಡಬೇಕು ಅಂತ ಕಾನೂನೇ ಇದೆ. ಪುಟ ತಿರುಗಿಸಿ ನೋಡಿ, ಯಾವ ಬ್ಯಾಂಕಲ್ಲಿ ಇಟ್ಟಿದಾರೆ ಅಂತಾನೂ ಬರೆದಿದೆ" ಎಂದು ಆಡಿಟ್ ವರದಿ ಹಿಡಿದು ಒಂದೊಂದೇ ಸಾಲು ಓದಿದರು. ಅಷ್ಟಕ್ಕೇ ಬಿಡಲಿಲ್ಲ. ಸಾದಿಲ್ವಾರು ಖರ್ಚಿನ ಕಡೆ ಬೊಟ್ಟು ಮಾಡಿ ಇದಕ್ಕೆ ವಿವರ ಬೇಕು ಅಂತ ನಮ್ಮನ್ನೇ ಕೇಳಿದರು! ಮಾರನೇ ವರ್ಷದಿಂದ ಆ ಖರ್ಚನ್ನು ಬಿಡಿಬಿಡಿಯಾಗಿ ಅಚ್ಚು ಹಾಕಿಸುತ್ತಿದ್ದೇವೆ. ಕೂಗಾಡಿದ ಹಿರಿಯರು ಸಭೆ ಮುಗಿದ ಮೇಲೆ, "ಇನ್ನು ಮೇಲೆ ನೀನೇ ಓದಮ್ಮಾ" ಎಂದು ಹೇಳಿ ಹೋದರು. ಈಗ ಪ್ರತಿ ವರ್ಷ ಅವರೇ ಓದುತ್ತಾರೆ.

ಒಂದು ಎಚ್ಚರಿಕೆ ಹೇಳಲೇಬೇಕು. ಪರೀಕ್ಷೆ ಬರೆಯದೆ ಪಾಸು ಮಾಡಿಸಿಕೊಡುತ್ತೇವೆ ಎನ್ನುವ ದಲ್ಲಾಳಿಗಳು ಪಟ್ಟಣದ ತುಂಬಾ ಇದ್ದಾರೆ. ಹೆಸರೇ ಕೇಳದ ಬೋರ್ಡಿನ ಸರ್ಟಿಫಿಕೇಟು ತಂದು ಕೊಡುತ್ತಾರೆ, ಕೆಲಸಕ್ಕೆ ಹೋದಾಗ ಅದು ನಡೆಯುವುದಿಲ್ಲ. ಮಾನ್ಯತೆ ಪಡೆದ ಅಧ್ಯಯನ ಕೇಂದ್ರ ಹೌದೋ ಅಲ್ಲವೋ ನೋಡದೆ ಯಾರೂ ದುಡ್ಡು ಕಟ್ಟಬೇಡಿ.

ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಒಂದು, ಅಕ್ಟೋಬರ್-ನವೆಂಬರ್ ಒಂದು. ಆ ನೋಟ್ ಪುಸ್ತಕದ ಜೆರಾಕ್ಸ್ ಪ್ರತಿಗಳೂ ಎಂಟರಿಂದ ಹತ್ತನೇ ತರಗತಿಯ ಪಠ್ಯಪುಸ್ತಕಗಳೂ ಸಂಘದ ಬೀರುವಿನಲ್ಲಿವೆ. ಸದಸ್ಯರ ಮನೆಯವರು ಯಾರೇ ಆಗಲಿ ಸಾಯಂಕಾಲ ಹಾಲು ಹಾಕಿದ ಮೇಲೆ ಕಾರ್ಯದರ್ಶಿಯವರ ಹತ್ತಿರ ಸಹಿ ಹಾಕಿ ತೆಗೆದುಕೊಂಡು ಹೋಗಬಹುದು. ಲೈಟ್ ಬಿಲ್ಲಿಗೆ ಆಡಳಿತ ಮಂಡಳಿಯ ಒಪ್ಪಿಗೆಯಿದೆ.